ಕುದ್ರುವಿನಲ್ಲಿ ಅಜ್ಜಿಯ ಹೊಸ ಕಣ್ಣು

ಮೊನ್ನೆ ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಅವಳು ಹೊರಗೆ ಬಂದಾಗ ಅಜ್ಜಿಯನ್ನೇ ಕಂಡಂತಾಯಿತು.

ಆಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ, ಅಪ್ಪ ಹೆತ್ತೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ನಾವೆಲ್ಲ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದೆವು. ಡಾಕ್ಟರು ಇನ್ನು ಊರಿಗೆ ಹೋಗಬಹುದು ಎಂದ ದಿನ ಅಪ್ಪ, "ಏನ್ ನೋಡ್ತೀಯವ್ವ?" ಅಂದ.

"ಸುತ್ತ ನೀರಿರೋ ಜಾಗ ಐತಂತಲ್ಲ, ಅದನ್ನ ತೋರ್ಸು."

ಹೊಳೆ ನಡುವಿನ ದ್ವೀಪಕ್ಕೆ ಅಲ್ಲಿಯವರು ಕುದ್ರು ಅನ್ನುತ್ತಾರೆ. ಪೇಟೆಗೆ ಹತ್ತಿರದ ಒಂದು ಕುದ್ರುವಿನಲ್ಲಿ ಪುಟ್ಟ ರೆಸಾರ್ಟ್ ಇತ್ತು. ದೋಣಿ ಅಲುಗಾಡಿದ್ದೇ ಅಜ್ಜಿ ಹಿಂದೆ ಸರಿದಳು.

"ನಾನೊಲ್ಲೆ ಕಣೋ, ನೀವ್ ಹೋಗ್ಬನ್ನಿ."

"ನನ್ನ ಹಿಡ್ಕೊಂಡು ಬಾರಜ್ಜಿ" ಅಂದೆ. ಎಷ್ಟೋ ವರ್ಷದಿಂದ ನನ್ನ ಹೆಗಲು ಹಿಡಿದೇ ನಡೆಯುತ್ತಿದ್ದವಳು, ಹಾಗೇ ಹತ್ತಿದಳು.

ಕುದ್ರುವಿನಲ್ಲಿ ತೆಂಗಿನ ನೆರಳಿಗೆ ಕುರ್ಚಿ ಹಾಕಿದ್ದರು. ಅಪ್ಪ ಹೊಳೆ ಸಮುದ್ರ ಸೇರುವ ಕಡೆ ಕೈ ತೋರಿಸುತ್ತಿದ್ದರೆ ಅಜ್ಜಿ ಕನ್ನಡಕ ಜಾರಿಸಿ ನನ್ನನ್ನೇ ನೋಡುತ್ತಿದ್ದಳು.

"ನಿನ್ ಗಲ್ಲದ್ ಮೇಲೆ ಮಚ್ಚೆ ಐತೇನೇ?"

"ಹುಟ್ಟಿದಾಗಿಂದ ಐತೆ ಕಣಜ್ಜಿ."

"ನಂಗ್ಯಾರೂ ಹೇಳ್ಲೇ ಇಲ್ವಲ್ಲ!" ಎಂದು ಅಪ್ಪನನ್ನು ಬೈದಳು. ಆಮೇಲೆ ಅವನನ್ನೂ ಹತ್ತಿರ ಕರೆದಳು. ಮಗನ ತಲೆಯ ಬಿಳಿಗೂದಲನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿದಳು. ಅಮ್ಮನಿಗೆ ಮಾತ್ರ, "ಮದ್ವೇಲಿ ಹೆಂಗಿದ್ಯೋ ಹಂಗೇ ಇದೀಯ ಕಣವ್ವ" ಎಂದು ಕೆನ್ನೆ ಸವರಿದಳು. ದೋಣಿಯವನು ಎರಡು ಸಲ ಕೂಗಿದರೂ ಏಳಲಿಲ್ಲ. ಸುತ್ತಲಿನ ನೀರನ್ನು ಸರಿಯಾಗಿ ನೋಡಿದ್ದು ವಾಪಸ್ ಬರುವಾಗಲೇ.

ಈಗ ಅಮ್ಮ ಒಳಗಿಂದ ಕೂಗುತ್ತಿದ್ದಾಳೆ. ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ತಾನೇ ಓದಿದಳಂತೆ. ಹೋಗಿ ಕೇಳಿಸಿಕೊಳ್ಳಬೇಕು.