ಹುಳದ ಪಾಲಿನ ಸಾಲು

ಮೊನ್ನೆ ಮೊದಲ ಮಳೆ ಬಿದ್ದ ಮೇಲೆ ಕುರುಗೋಡಿನ ಬೀಜದ ಅಂಗಡಿಯಿಂದ ಹತ್ತಿ ಬೀಜ ತಂದು, ಪಡಸಾಲೆಯಲ್ಲಿ ಕುಳಿತು ಪೊಟ್ಟಣದ ಬಾಯಿ ಕತ್ತರಿಸಿದೆ. ಔಷಧಿ ಸವರಿದ ಬೀಜದ ಘಾಟು ಮೂಗಿಗೆ ಬಡಿಯಿತು. ಕೈ ತನ್ನಷ್ಟಕ್ಕೆ ತಾನೇ ಒಳಗೆ ಹೋಗಿ ಏನನ್ನೋ ತಡಕಾಡಿತು. ಮೊದಲೆಲ್ಲ ದೊಡ್ಡ ಪೊಟ್ಟಣದ ಜೊತೆ ಒಂದು ಸಣ್ಣ ಪೊಟ್ಟಣ ಬರುತ್ತಿತ್ತಲ್ಲ, ಅದನ್ನು. ಇರಲಿಲ್ಲ. ಅಂಗಡಿಯವನು ಹೇಳಿಯೇ ಕಳಿಸಿದ್ದ, ನಾನೇ ಮರೆತಿದ್ದೆ.

"ಈಗ ಸಣ್ಣ ಪಾಕೀಟು ಬರಂಗಿಲ್ಲ ಮಾವ. ಆ ಬೀಜಾನೂ ಇದ್ರಾಗ ಕಲಿಸಿಬಿಟ್ಟಾರ. ನಿಮ್ಮಂಥೋರು ಹಾಕಂಗಿಲ್ಲ ಅಂತ ಅವರಿಗೂ ಗೊತ್ತಾಗೇತಿ" ಎಂದು ಅವನು ನಕ್ಕಿದ್ದ. ಅಂಗಡಿಯಲ್ಲಿ ನಾನೂ ನಕ್ಕೆ. ಮನೆಗೆ ಬಂದು ಖಾಲಿ ಕೈ ಹೊರಗೆ ತೆಗೆದಾಗ ನಗು ಬರಲಿಲ್ಲ.

ಆ ಸಣ್ಣ ಪೊಟ್ಟಣದ ವಿಷಯ ನಿಮಗೆ ಹೇಳಬೇಕೆಂದರೆ ನನ್ನ ಮೊಮ್ಮಗಳು ಪೂರ್ಣಿಯಿಂದ ಶುರು ಮಾಡಬೇಕು. ಈಚೆಗೆ ನಾನು ಎಲ್ಲಿಂದ ಹೊರಟರೂ ದಾರಿ ಅಲ್ಲಿಗೇ ಹೋಗಿ ಸೇರುತ್ತದೆ. "ಹಾಲಿನವನ ಮುಂದೂ ಅದೇ, ಬಸ್ಸಿನ್ಯಾಗ ಕಂಡಕ್ಟರ್ ಮುಂದೂ ಅದೇ. ಟಿಕೀಟು ಎಲ್ಲಿಗೆ ಅಂತ ಕೇಳಿದ್ರ ಮೊಮ್ಮಗಳ ಭಾಷಣ ಹೇಳ್ತೀರಲ್ಲ!" ಎಂದು ಮನೆಯಾಕೆ ಬೈಯುತ್ತಾಳೆ. ಬೈಯಲಿ. ಪೂರ್ಣಿ ಸಿರುಗುಪ್ಪಕ್ಕೆ ಕೊಟ್ಟ ನನ್ನ ಮಗಳ ಮಗಳು. ಬಳ್ಳಾರಿಯಲ್ಲಿ ಕಾಲೇಜು, ಗಾಂಧಿನಗರದಲ್ಲಿ ಹಾಸ್ಟೆಲ್ಲು. ನಮ್ಮ ಮನೆತನದಲ್ಲಿ ಮೈಕಿನ ಮುಂದೆ ನಿಂತವರು ಇವಳಿಗಿಂತ ಮೊದಲು ಯಾರೂ ಇಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವನು. ಸಂತೆಯಲ್ಲಿ ಕೂಗಿ ಮೆಣಸಿನಕಾಯಿ ಮಾರಿದ್ದುಂಟು, ಅಷ್ಟೇ.

ಬೇಸಗೆಗೆ ಮುಂಚೆ ಅವಳ ಕಾಲೇಜಿನವರು ಒಂದು ದೊಡ್ಡ ಚರ್ಚೆ ಇಟ್ಟಿದ್ದರು. ವಿಷಯ ಎರಡು: ಅಣು ವಿದ್ಯುತ್ ಸ್ಥಾವರಗಳನ್ನು ನಂಬಬಹುದೇ ಎನ್ನುವುದು ಒಂದು, ಕುಲಾಂತರಿ ಬೆಳೆ ಬೇಕೋ ಬೇಡವೋ ಎನ್ನುವುದು ಇನ್ನೊಂದು. ಚೀಟಿ ಎತ್ತಿದಾಗ ಪೂರ್ಣಿಗೆ ಅಣು ಬಂತು. ನಂಬಬಾರದು ಎಂಬ ಕಡೆ ಇವಳು. ಶನಿವಾರ ಒಂದು ಕಟ್ಟು ಕಾಗದ ಹೊತ್ತುಕೊಂಡು ಕುರುಗೋಡಿಗೆ ಬಂದಳು. ನಮ್ಮ ಮನೆಯಲ್ಲಿ ಗಲಾಟೆ ಕಡಿಮೆ, ಓದಲು ಚಲೋ ಎಂದು ಬಂದವಳು. ನಾನು ಬಿಟ್ಟರೆ ತಾನೇ? ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ಅದೇನು ಅಣು, ನನಗೂ ತಿಳಿಯುವ ಹಾಗೆ ಹೇಳು ಎಂದೆ.

"ಒಲಿ ಇದ್ದಂಗ ತಾತ. ಕಟಗಿ ಹಿರಿದು ಹೊರಗ ಹಾಕಿದ್ರೂ ಒಲಿಯೊಳಗಿನ ಕೆಂಡ ಬಿಸಿ ಇರ್ತೈತಲ್ಲ? ಇದು ಅದಕ್ಕಿಂತ ಭಾಳ ದಿನ ಬಿಸಿ ಇರ್ತೈತಿ. ಆರಿಸಿದ ಮ್ಯಾಲೂ ನೀರು ಹರಸ್ತಾನ ಇರಬೇಕು. ನಿಂತ್ರ ಕಷ್ಟ."

"ಹರಸಾಕ ಮಂದಿ ಇರ್ತಾರಲ್ಲ."

"ಇರ್ತಾರ. ಯಾವಾಗ ಏನು ನೋಡಬೇಕು ಅಂತ ಎಲ್ಲಾ ಬರದಿಟ್ಟಾರ. ನನಗ ಇರೋ ಅನುಮಾನ ಅಲ್ಲೇ. ಏನೂ ಆಗಲಾರದ ಹಂಗ ಹತ್ತು ವರ್ಷ ಹೋತು ಅನ್ನು. ನೋಡೋ ಮನುಷ್ಯಾ ಒಂದಿನ ನೋಡಲಾರದಾ ಸಹಿ ಹಾಕಿಬಿಟ್ರ? ತಾತ, ನಿನಗ ಯಾರಾದ್ರೂ ಹಿಂಗ ಮಾಡು ಅಂತ ಹೇಳಿ, ನೀ ಮಾಡಲಾರದಾ, ಏನೂ ಆಗಲಾರದಾ ಇದ್ದದ್ದು ಐತೇನು?"

ನೋಡಿ, ನಾನು ಆ ಸಣ್ಣ ಪೊಟ್ಟಣದ ಕತೆಯನ್ನು ಆಗ ಹೇಳಿದ್ದು ನಗೆಯ ಕತೆಯೆಂದೇ. ನಮ್ಮ ಮನೆಯಲ್ಲಿ ಅದು ಇಪ್ಪತ್ತು ವರ್ಷದಿಂದ ನಗೆಯ ಕತೆಯೇ ಆಗಿತ್ತು. ಬೀಗರು ಬಂದಾಗ, ಊಟದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಾಗ, ಹೇಳ್ರಿ ಹೇಳ್ರಿ ಎಂದು ಹೇಳಿಸಿ ನಗುತ್ತಿದ್ದರು.

ನಮ್ಮ ಕಡೆ ಬಿಟಿ ಹತ್ತಿ ಹೊಸದಾಗಿ ಬಂದ ಕಾಲ. ಕಾಯಿಕೊರಕ ಹುಳ ಅದನ್ನು ತಿಂದರೆ ಸಾಯುತ್ತದೆ ಎಂದು ಹೇಳಿದರು, ನೋಡಿದರೆ ನಿಜವಾಗಿಯೂ ಸಾಯುತ್ತಿತ್ತು. ಆಹಾ, ಆ ಮೊದಲ ವರ್ಷಗಳ ಎರೆಹೊಲದ ಹತ್ತಿಯನ್ನು ನೀವು ನೋಡಬೇಕಿತ್ತು! ಔಷಧಿ ಹೊಡೆಯುವ ಡಬ್ಬಿಯನ್ನು ಮೂಲೆಗೆ ಇಟ್ಟಿದ್ದೆವು. ಆಗ ಕೃಷಿ ಇಲಾಖೆಯ ಒಬ್ಬ ಸಾಹೇಬರು ನಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ಕೂರಿಸಿ, ಸಣ್ಣ ಪೊಟ್ಟಣ ಎತ್ತಿ ಹಿಡಿದು ಹೇಳಿದರು: ಇದು ಸಾದಾ ಹತ್ತಿ. ಹೊಲದ ಸುತ್ತ ಅಂಚಿಗೆ ಐದು ಸಾಲು ಇದನ್ನೇ ಹಾಕಬೇಕು. ಹುಳ ಇದನ್ನು ತಿನ್ನಲಿ, ಬದುಕಲಿ.

ಹುಳ ಬದುಕಲಿ ಎಂದರೆ ಯಾವ ರೈತನಿಗೆ ತಡೆದೀತು? ನಾನು ಎದ್ದು ನಿಂತು, "ಹುಳಕ್ಕ ಪಾಲು ಕೊಡಾಕ ಅದೇನು ನಮ್ಮ ಅಣ್ತಮ್ಮೇನ್ರಿ?" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾಹೇಬರೂ ನಕ್ಕುಬಿಟ್ಟರು, ಪಾಪ. ಅವತ್ತಿನಿಂದ ನಾನು ಊರಿಗೆ ದೊಡ್ಡ ಮಾತುಗಾರನಾದೆ. ಸಣ್ಣ ಪೊಟ್ಟಣಗಳನ್ನು ಎಲ್ಲರೂ ತಿಪ್ಪೆಗೆ ಎಸೆದರು.

ಈರಮ್ಮ ಒಬ್ಬಳು ಎಸೆಯಲಿಲ್ಲ. ನಮ್ಮ ಹೊಲದ ಬದುವಿನ ಆಚೆ ಅವಳ ಹೊಲ. ಗಂಡ ತೀರಿಕೊಂಡ ಮೇಲೆ ಸ್ವಂತ ಕೈಯಲ್ಲಿ ಬೇಸಾಯ ಮಾಡಿದವಳು. ಸುತ್ತಲೂ ಐದು ಸಾಲು ಅಳೆದು ಸಾದಾ ಹತ್ತಿ ಹಾಕಿದಳು. ಯಾಕವ್ವ ಎಂದು ಕೇಳಿದರೆ, "ಸಾಹೇಬ್ರ ಮುಂದ ಹೂಂ ಅಂದೀನಣ್ಣ. ಹೂಂ ಅಂದು ಹಾಕಲಿಲ್ಲಂದ್ರ ಹ್ಯಾಂಗ?" ಎಂದಳು. ಹೂಂ ಎಂದು ನಾವೂ ಎಲ್ಲರೂ ಅಂದಿದ್ದೆವು!

ಗಿಡ ಕಾಯಿ ಕಟ್ಟುವ ಹೊತ್ತಿಗೆ ಅವಳ ಅಂಚಿನ ಸಾಲುಗಳಲ್ಲಿ ಹುಳ ಕಾಣಿಸಿತು. ಕಾಣಿಸಲೆಂದೇ ಹಾಕಿದ್ದಲ್ಲವೇ ಎಂದು ಈಗ ತಿಳಿಯುತ್ತದೆ. ಆಗ ನಮ್ಮ ಕಣ್ಣಿಗೆ ಬರೀ ಹುಳ ಬಿತ್ತು. "ಲೇ, ಇವಳ ಹುಳ ಬದು ದಾಟಿ ನಮ್ಮ ಹೊಲಕ್ಕ ಬರ್ತಾವಲೇ" ಎಂದವನು ನಾನೇ. ಮರುದಿನ ಬೆಳಿಗ್ಗೆ ನಾವು ನಾಲ್ಕು ಮಂದಿ ಹೋಗಿ ಅವಳ ಐದು ಸಾಲನ್ನೂ ಕಿತ್ತು ಬದುವಿಗೆ ಒಟ್ಟಿ ಬೆಂಕಿ ಇಟ್ಟೆವು. ಈರಮ್ಮ ಬದುವಿನ ಮೇಲೆ ನಿಂತು ನೋಡಿದಳು, ಏನೂ ಮಾತಾಡಲಿಲ್ಲ. "ಹುಳಕ್ಕ ಮೇವು ಹಾಕೋ ಈರಮ್ಮ" ಎಂದು ಅವಳಿಗೆ ಹೆಸರು ಬಿತ್ತು.

ಕತೆ ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ಪೂರ್ಣಿ ನಗಲಿಲ್ಲ.

"ಆಮ್ಯಾಲೆ?"

"ಆಮ್ಯಾಲೆ ಏನು? ಅಷ್ಟ."

"ಹುಳ ಬರಲಿಲ್ಲೇನು ತಾತ?"

ಬಂತು. ಕೆಲವು ವರ್ಷ ಬಿಟ್ಟು ಬಂತು. ಗುಲಾಬಿ ಬಣ್ಣದ ಹುಳ, ಆ ಬಿಟಿ ಹತ್ತಿಯನ್ನೇ ತಿಂದು ಕೊಬ್ಬಿದ ಹುಳ. ಹೊರಗಿನಿಂದ ಕಾಯಿ ಚೆನ್ನಾಗಿ ಕಾಣುತ್ತಿತ್ತು, ಒಡೆದರೆ ಒಳಗೆ ಕೊಳೆತ ಅರಳೆ. ಮೂಲೆಗಿಟ್ಟಿದ್ದ ಡಬ್ಬಿ ಮತ್ತೆ ಬೆನ್ನೇರಿತು.

ಪೂರ್ಣಿ ಕಾಗದದ ಹಿಂದೆ ಗೆರೆ ಎಳೆದು ನನಗೆ ವಿವರಿಸಿದಳು. ಹೊಸ ಹತ್ತಿಯ ವಿಷ ತಡೆದುಕೊಳ್ಳುವ ಗಟ್ಟಿ ಹುಳ ಒಂದೋ ಎರಡೋ ಇದ್ದೇ ಇರುತ್ತವಂತೆ. ಅವಕ್ಕೆ ಸಂಬಂಧ ಮಾಡಲು ಸಾದಾ ಹುಳಗಳು ಸಿಕ್ಕರೆ ಮರಿಗಳು ಮೆತ್ತಗಿನವು ಹುಟ್ಟಿ, ವಿಷ ತಿಂದು ಸಾಯುತ್ತವೆ. ಸಾದಾ ಹುಳಗಳೇ ಇಲ್ಲವಾದರೆ ಗಟ್ಟಿಯವು ತಮ್ಮ ತಮ್ಮೊಳಗೇ ಲಗ್ನ ಮಾಡಿಕೊಂಡು ಊರೆಲ್ಲ ತುಂಬುತ್ತವೆ. ಆ ಐದು ಸಾಲು ಹೆಣ್ಣು ಗಂಡು ನೋಡುವ ಜಾಗ ಎಂದಾಯಿತು! ಬೇವಿನ ಗಿಡದ ಕೆಳಗೆ ಸಾಹೇಬರು ಇದನ್ನೇ ಹೇಳಲು ಹೊರಟಿದ್ದರೇನೋ. ನಾನು ಜೋಕು ಹೊಡೆದಿದ್ದರಿಂದ ಅವರ ಮಾತು ಮುಂದಕ್ಕೆ ಹೋಗಲಿಲ್ಲ.

ಈರಮ್ಮನ ಸಾಲು ಕಿತ್ತದ್ದರಿಂದಲೇ ಹುಳ ಬಂತೆಂದು ನಾನು ಹೇಳಲಾರೆ. ತಿಳಿದವರು ನೂರು ಕಾರಣ ಹೇಳುತ್ತಾರೆ, ಸೀಮೆಯೆಲ್ಲ ಯಾರೂ ಹಾಕಿರಲಿಲ್ಲ, ಒಬ್ಬಳ ಸಾಲು ಉಳಿದಿದ್ದರೂ ಏನಾಗುತ್ತಿತ್ತೋ. ಆದರೆ ಇಡೀ ಊರಿನಲ್ಲಿ ಸರಿಯಾಗಿ ನಡೆದುಕೊಂಡವಳು ಒಬ್ಬಳೇ, ಮತ್ತು ನಾವು ಶಿಕ್ಷೆ ಕೊಟ್ಟದ್ದು ಅವಳಿಗೆ. ಇದಕ್ಕೆ ನೂರು ಕಾರಣ ಇಲ್ಲ. ಇದಕ್ಕೆ ನಾನೇ ಕಾರಣ.

"ತಾತ, ಇದನ್ನ ನಾನು ಚರ್ಚೆದಾಗ ಹೇಳ್ಲಾ? ನೀ ಬ್ಯಾಡ ಅಂದ್ರ ಹೇಳಂಗಿಲ್ಲ" ಎಂದಳು ಪೂರ್ಣಿ.

ಚಹಾ ಕುಡಿದೆ. ಎಮ್ಮೆಗೆ ನೀರು ಕುಡಿಸಿದೆ. ಆಮೇಲೆ, "ಹೇಳು. ನನ್ನ ಹೆಸರು ಮಾತ್ರ ಬ್ಯಾಡ" ಎಂದೆ.

"ಹಂಗಿದ್ರ ಈರಮ್ಮವ್ವನ ಹೆಸರೂ ಹೇಳಂಗಿಲ್ಲ" ಎಂದು ಬರೆದುಕೊಂಡಳು.

ಚರ್ಚೆ ನಡೆದದ್ದು ಬಳ್ಳಾರಿ ಕಂಟೋನ್ಮೆಂಟಿನ ಒಂದು ಸಭಾಂಗಣದಲ್ಲಿ. ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಮುಂದಿನಿಂದ ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಪೂರ್ಣಿ ಮೈಕು ಹಿಡಿದಾಗ ನನಗೆ ಏನಾಯಿತೆಂದು ಹೇಳಲು ಹೋದರೆ ಮನೆಯಾಕೆ ಮತ್ತೆ ಬೈದಾಳು. ಕಣ್ಣು ಮಂಜಾದವು, ಅಷ್ಟು ಸಾಕು. ಅವಳು ನೀರು, ಕೆಂಡ, ಯಂತ್ರ ಎಲ್ಲ ಹೇಳಿ ಕೊನೆಗೆ ನಮ್ಮ ಕತೆಗೆ ಬಂದಳು. "ನಮ್ಮ ಕಡೆಯ ಒಬ್ಬ ಹೆಣ್ಣುಮಗಳು" ಎಂದು ಶುರು ಮಾಡಿದಳು. ಯಾರೂ ನಗಲಿಲ್ಲ.

ಎದುರು ಪಕ್ಷದ ಹುಡುಗ ಜಾಣ. ಎದ್ದು ಕೇಳಿದ: "ರೈತರು ಸಾಲು ಕಿತ್ತರೆ ಅದು ಬೀಜದ ತಪ್ಪಾಗುತ್ತದೆಯೇ? ಈಗಿನ ಸ್ಥಾವರಗಳನ್ನು ಮನುಷ್ಯ ಮರೆತರೂ ತಾವೇ ನಿಲ್ಲುವ ಹಾಗೆ ಕಟ್ಟುತ್ತಾರೆ. ಗೊತ್ತಿದೆಯೇ?"

"ಗೊತ್ತಿದೆ. ಬೀಜದ ತಪ್ಪಲ್ಲ, ಯಂತ್ರದ ತಪ್ಪೂ ಅಲ್ಲ" ಎಂದಳು ಪೂರ್ಣಿ. "ಆ ಯಂತ್ರ ತಾನೇ ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವನೂ ಮನುಷ್ಯನೇ ಅಲ್ಲವೇ? ಏನೂ ಆಗದ ವರ್ಷಗಳಲ್ಲಿ ಅವನು ಪರೀಕ್ಷೆ ಬೇಕು ಎಂದರೆ ಜೊತೆಯವರು ಅವನನ್ನು ಏನು ಮಾಡುತ್ತಾರೆ? ನಗುತ್ತಾರೋ, ಕೇಳುತ್ತಾರೋ? ನನಗೆ ಅದನ್ನು ಹೇಳಿ, ಆಮೇಲೆ ನಂಬುತ್ತೇನೆ."

ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು, "ಅಮ್ಮಾ, ಆ ಹೆಣ್ಣುಮಗಳ ಕತೆ ನಡೆದದ್ದೋ, ಚರ್ಚೆಗಾಗಿ ಕಟ್ಟಿದ್ದೋ? ನಡೆದದ್ದಾದರೆ ಯಾರು, ಯಾವ ಊರು?" ಎಂದು ಕೇಳಿದರು. ಪೂರ್ಣಿ ನನ್ನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಕಾಗದ ಮಡಚಿದಳು. ನನಗೆ ಕೊಟ್ಟ ಮಾತು ಉಳಿಸಲು ಆ ಕೂಸು ತನ್ನ ಮಾತನ್ನು ಸುಳ್ಳು ಮಾಡಿಕೊಳ್ಳಲು ತಯಾರಾಗಿ ನಿಂತಿದ್ದು ನನಗೆ ಕಂಡಿತು. ಕಾಲು ತಾವೇ ಎದ್ದವು.

"ನಡದದ್ದು ರೀ. ಕಿತ್ತಾಂವ ನಾನ ಅದೀನಿ" ಎಂದೆ.

ಬಹುಮಾನ ಆ ಹುಡುಗನಿಗೆ ಹೋಯಿತು. ನಾನು ಪೂರ್ಣಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ, ಊರಿಗೆ ಪೇಡೆ ಕಟ್ಟಿಸಿಕೊಂಡು ಬಂದು ಓಣಿಯೆಲ್ಲ ಹಂಚಿದೆ. ಸೋತದ್ದಕ್ಕೆ ಪೇಡೆ ಹಂಚಿದವನು ನಾನೊಬ್ಬನೇ ಇದ್ದೇನು. ಈರಮ್ಮನ ಮನೆ ನಮ್ಮದಕ್ಕಿಂತ ಎರಡು ಓಣಿ ಆಚೆ. ಅಲ್ಲಿಗೆ ಹೋಗಲಿಲ್ಲ.

ಇದೇ ನನ್ನ ಶೌರ್ಯ. ಗುರುತಿಲ್ಲದವರ ಮುಂದೆ ಎದ್ದು ನಿಂತು ಒಪ್ಪಿಕೊಂಡೆ. ಅವರು ಚಪ್ಪಾಳೆ ಕೂಡ ತಟ್ಟಿದರು, ನನಗೆ ಖುಷಿಯೂ ಆಯಿತು. ಯಾರಿಗೆ ಹೇಳಬೇಕಿತ್ತೋ ಅವಳ ಬಾಗಿಲ ಮುಂದೆ ಹಾಯದೆ ಸುತ್ತು ಹಾಕಿ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಫೋನು ಮಾಡಿದಾಗಲೆಲ್ಲ ಪೂರ್ಣಿ, "ಹೋಗಿದ್ಯಾ ತಾತ?" ಎನ್ನುವಳು. "ಬಿಸಲು ಭಾಳ ಐತವ್ವ" ಎನ್ನುವೆ. ಈಗ ಮಳೆಯೂ ಬಿತ್ತು, ಆ ಮಾತೂ ಹೋಯಿತು.

ಪೊಟ್ಟಣವನ್ನು ಹಾಗೆಯೇ ಬಿಟ್ಟು ಎದ್ದೆ.

ಈರಮ್ಮ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಈಗ ಹೊಲ ಮಗ ನೋಡಿಕೊಳ್ಳುತ್ತಾನೆ, ಇವಳಿಗೆ ಮೊಣಕಾಲು ನೋವು. ಕೂರು ಎನ್ನಲಿಲ್ಲ, ಸರಿದು ಜಾಗ ಮಾಡಿದಳು. ನಾನು ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಬಳ್ಳಾರಿಯ ಚರ್ಚೆಯಿಂದಲೇ ಶುರು ಮಾಡಿ, ಅವಳ ಸಾಲು ಕಿತ್ತದ್ದು ತಪ್ಪಾಯಿತೆಂಬಲ್ಲಿಗೆ ಬಂದು ನಿಂತೆ. ಅವಳ ಬೆರಳು ಮೊರದಲ್ಲಿ ಕಲ್ಲು ಆರಿಸುತ್ತಲೇ ಇತ್ತು.

"ಕೂಸು ನನ್ನ ಹೆಸರು ಹೇಳ್ತೇನು?"

"ಇಲ್ಲವ್ವ."

"ಯಾಕ? ನಾ ಏನು ಕಳುವು ಮಾಡಿದ್ನಾ?"

ನಾನೂ ಮೊರದಿಂದ ಒಂದು ಕಲ್ಲು ಆರಿಸಿ ಕೆಳಗೆ ಹಾಕಿದೆ.

"ಎಷ್ಟು ಸಾಲು ಕಿತ್ತಿದ್ರು ಅಂತ ಹೇಳಿತು?"

"ಐದು."

"ಆರು" ಎಂದಳು ಈರಮ್ಮ. "ಹುಳ ಇಲ್ಲದ ಚಲೋ ಹತ್ತಿನೂ ಒಂದು ಸಾಲು ಕಿತ್ತಿದ್ರಿ. ಭರಾಟ್ಯಾಗ ನಿಮಗೆಲ್ಲಿ ಕಾಣಬೇಕು. ಹಚ್ಚು ಫೋನು, ತಿದ್ಕೊಳ್ಳಿ ಕೂಸು."

ಹಚ್ಚಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಒತ್ತಿದೆ. ಪೂರ್ಣಿಗೆ ಎರಡೇ ಮಾತಿನಲ್ಲಿ ವಿಷಯ ಗೊತ್ತಾಯಿತು. ಅವಳ ದನಿ ಚಿಕ್ಕದಾಯಿತು. "ಅವ್ವಾ, ನನಗ ತಾತ ಹೇಳಿದ್ದಷ್ಟ ಗೊತ್ತಿತ್ತು. ನೀವ ಹೇಳ್ರಿ. ಬರಕೋತೀನಿ. ಮುಂದಿನ ಸಲ ನಿಮ್ಮ ಹೆಸರು ಹಿಡದ ಹೇಳ್ತೀನಿ" ಎಂದಳು.

ಈರಮ್ಮ ಮೊರ ಕೆಳಗಿಟ್ಟಳು. ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಬರಕೋ ಮಗಳ. ಈರಮ್ಮ ಬದುವಿನ ಮ್ಯಾಲೆ ನಿಂತು ಏನೂ ಮಾತಾಡಲಿಲ್ಲ ಅಂತ ನಿಮ್ಮ ತಾತ ಊರತುಂಬ ಹೇಳ್ಕೋತ ಬಂದಾನ. ಅದು ಸುಳ್ಳು. ನಾನು ಮಾತಾಡಿದ್ದೆ."

ಅವಳು ಅವತ್ತು ಏನು ಮಾತಾಡಿದ್ದಳೆಂದು ನನಗೆ ಗೊತ್ತಿಲ್ಲ. ಬದುವಿನಿಂದ ಹತ್ತೇ ಮಾರು ದೂರದಲ್ಲಿದ್ದೂ ಕೇಳಿಸಿಕೊಳ್ಳದವನು ನಾನು. ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಇನ್ನಷ್ಟು ಸರಿದು ಕುಳಿತೆ, ಬಳ್ಳಾರಿಯಲ್ಲಿ ಪೂರ್ಣಿ ಪೆನ್ನು ಹಿಡಿದು ಕುಳಿತ ಹಾಗೆಯೇ, ಕೇಳಿಸಿಕೊಳ್ಳಲು.