ತುದಿಯಕ್ಕನ ತುರುಬು

ನನ್ನ ಓರಗಿತ್ತಿಯನ್ನು ಬ್ರೆಡ್ ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ತುದಿಯಕ್ಕ ಎಂದು. ಆ ಹೆಸರಿಟ್ಟವಳು ನಾನೇ, ಪ್ರೀತಿಯಿಂದ ಇಟ್ಟದ್ದೇನಲ್ಲ. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ, ಅವಳು ದಿನಾ ಸಂಜೆ ಕಿಟಕಿಯ ಪಕ್ಕ ಕೂತು ಕೂದಲಿನ ಕೊನೆಯ ನಾಲ್ಕು ಬೆರಳಿನಷ್ಟಕ್ಕೆ ಮಾತ್ರ ಎಣ್ಣೆ ಸವರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲಸ ಬೆಟ್ಟದಷ್ಟು ಬಿದ್ದಿರುವಾಗ ಇವಳಿಗೆ ಇದೊಂದು ಶೋಕಿ ಎಂದುಕೊಂಡು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಅದನ್ನು ಬಿಟ್ಟುಕೊಂಡು ಅವಳು ಬೀದಿಯಲ್ಲಿ ನಡೆದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಬೆಳಿಗ್ಗೆ ಆರಕ್ಕೆ ನಮ್ಮ ಪಾಳಿ. ಎಂಟು ಗಂಟೆ ಹಿಟ್ಟು ನಾದುವ ಯಂತ್ರದ ಮುಂದೆ ತುರುಬು, ತುರುಬಿನ ಮೇಲೆ ಎಲಾಸ್ಟಿಕ್ ಟೋಪಿ. ಮನೆಗೆ ಬಂದರೆ ಒಲೆಯ ಮುಂದೆ, ಬಟ್ಟೆಯ ಬಕೆಟ್ಟಿನ ಮುಂದೆ ಮತ್ತೆ ತುರುಬು. ಯಾರಿಗೆ ತೋರಿಸೋಕೆ ಇಷ್ಟೆಲ್ಲ ಎಂದು ನಮ್ಮ ಅತ್ತೆ ಕೇಳದ ವಾರವಿರಲಿಲ್ಲ. ಭಾವ ಪೇಪರಿನ ಹಿಂದಿನಿಂದ ನಗುತ್ತಿದ್ದರು. ತುದಿಯಕ್ಕ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ತುದಿಯಿಂದ ಮೇಲಕ್ಕೆ ಬಾಚಿಕೊಳ್ಳುತ್ತಿದ್ದಳು.

ನಾವು ಉಳಿದ ಹನ್ನೊಂದು ಹೆಂಗಸರು ತುರುಬು ಕಟ್ಟುತ್ತಿದ್ದ ಚಂದವನ್ನು ಹೇಳಿಬಿಡುತ್ತೇನೆ, ನಾಚಿಕೆಯೇನಿಲ್ಲ. ಒದ್ದೆ ಕೂದಲನ್ನೇ ಎಳೆದು ರಬ್ಬರ್ ಬ್ಯಾಂಡ್ ಬಿಗಿದು, ಗಿರಗಿರನೆ ತಿರುಚಿ, ಕೊನೆಗೆ ಉಳಿದ ಮೋಟು ತುದಿಯನ್ನು ಟೋಪಿಯ ಎಲಾಸ್ಟಿಕ್ಕಿಗೆ ಸಿಕ್ಕಿಸುವುದು. ಟೋಪಿ ಜಾರದಿರಲಿ ಎಂದು ನಾವೇ ಕಂಡುಕೊಂಡ ಉಪಾಯ ಅದು. ಹೊಸಬರು ಬಂದರೆ ಅವರಿಗೂ ಅದನ್ನೇ ಕಲಿಸುತ್ತಿದ್ದೆವು. ತಲೆ ಅಲ್ಲಾಡಿಸಿದಾಗಲೆಲ್ಲ ಎಲಾಸ್ಟಿಕ್ ತುದಿಯನ್ನು ಉಜ್ಜುತ್ತಿತ್ತು. ನನ್ನ ಕೂದಲಿನ ತುದಿ ಸವೆದ ಪೊರಕೆಯಂತಾಗಿತ್ತು. ಅದಕ್ಕೆ ನಾನು ಬೈದದ್ದು ನಲ್ಲಿ ನೀರನ್ನು, ಸೋಪನ್ನು, ಗಂಡನನ್ನು.

ಒಂದು ದಿನ ಅಂಗಡಿಯೊಂದರಿಂದ ಬ್ರೆಡ್ ವಾಪಸ್ ಬಂತು. ಹೋಳಿನ ನಡುವೆ ಕೂದಲು. ಹೊಸ ಮ್ಯಾನೇಜರ್ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಏನಾದರೊಂದು ಮಾಡಿ ತೋರಿಸುವ ಆತುರ ಅವರಿಗೆ. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ನೋಟಿಸ್ ಬಿತ್ತು. ಹೆಂಗಸರೆಲ್ಲ ಸೋಮವಾರದೊಳಗೆ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡು ಬರಬೇಕು, ಬರದಿದ್ದವರು ಬರುವುದೇ ಬೇಡ. ಬಟ್ಟೆ ಬದಲಿಸುವ ಕೋಣೆಯಲ್ಲಿ ಗೊಣಗಾಟವೋ ಗೊಣಗಾಟ. ಆದರೆ ಇಬ್ಬರು ಆಗಲೇ ಪಾರ್ಲರಿಗೆ ಜೊತೆಯಾಗಿ ಹೋಗುವ ಮಾತಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅತ್ತೆ, ಹೋದರೆ ಹೋಗಲಿ, ಪೀಡೆ ಕಳೆಯಿತು ಎಂದರು. ನಾನೂ ಹೂಂಗುಟ್ಟಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಪಾಳಿ ಮುಗಿದ ಮೇಲೆ ತುದಿಯಕ್ಕ ನನ್ನ ರಟ್ಟೆ ಹಿಡಿದು ಆಫೀಸಿಗೆ ಎಳೆದುಕೊಂಡು ಹೋದಳು. ಸಾಕ್ಷಿಗೆ ಒಬ್ಬರು ಇರಲಿ ಎಂದಳು. ಒಳಗೆ ಹೋದವಳು ನಮಸ್ಕಾರ ಕೂಡ ಹೇಳದೆ, ಆ ಕೂದಲನ್ನು ತೋರಿಸಿ ಎಂದು ಕೇಳಿದಳು. ಅದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ, ದೂರಿನ ಕಾಗದಕ್ಕೆ ಪಿನ್ ಹೊಡೆದುಕೊಂಡು ಕೂತಿತ್ತು. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ಬೆರಳುದ್ದ ಕೂಡ ಇರಲಿಲ್ಲ. ಇದಕ್ಕೆ ಬುಡ ಇಲ್ಲ, ಇದು ಉದುರಿದ್ದಲ್ಲ, ಮುರಿದದ್ದು ಎಂದು ಬಿಡಿಸಿ ಹೇಳಿದಳು. ಒಣಗಿದ ತುದಿಯನ್ನು ಎಲಾಸ್ಟಿಕ್ಕಿಗೆ ಸಿಕ್ಕಿಸಿದರೆ ಮುರಿಯದೆ ಇನ್ನೇನಾಗುತ್ತದೆ ಎಂದು ಕೇಳಿದಳು. ನಾನು ನನ್ನ ಟೋಪಿಯನ್ನು ಮೆಲ್ಲಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

ಮ್ಯಾನೇಜರ್ ನಕ್ಕರು. ದಿನವಿಡೀ ಟೋಪಿಯೊಳಗೇ ಇರುವ ಕೂದಲು, ಯಾರೂ ನೋಡುವುದಿಲ್ಲ, ಹೋದರೆ ನಿಮಗೇನು ನಷ್ಟ ಎಂದರು. ಅತ್ತೆಯ ಮಾತೇ, ಪ್ಯಾಂಟು ಷರಟು ತೊಟ್ಟು ಕೂತಿತ್ತು.

ತುದಿಯಕ್ಕನ ಮುಖ ಕೆಂಪಾಯಿತು. "ನನ್ನ ಕೈ ಕಾರ್ಖಾನೆಗೆ ಕೊಟ್ಟಾಯ್ತು, ಸಾರ್. ಬೆನ್ನು ಮನೆಗೆ ಕೊಟ್ಟಾಯ್ತು. ಈ ನಾಲ್ಕು ಬೆರಳು ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಅದು ನನ್ನದು."

ಆಮೇಲೆ ಅವಳೇ ಷರತ್ತು ಇಟ್ಟಳು. ಒಂದು ತಿಂಗಳು ಹನ್ನೆರಡೂ ಜನರ ತುರುಬು ಅವಳ ಜವಾಬ್ದಾರಿ. ಒಂದೇ ಒಂದು ಕೂದಲು ಸಿಕ್ಕರೂ ಅವಳ ಕೂದಲು ಕತ್ತಿನ ಮಟ್ಟಕ್ಕೆ ಹೋಗುತ್ತದೆ. ಆದರೆ ಸಿಗಲಿ, ಬಿಡಲಿ, ನಮ್ಮ ಹನ್ನೊಂದು ಜನರ ತಲೆಗೆ ಯಾರೂ ಕೈ ಹಾಕುವ ಹಾಗಿಲ್ಲ. ಮ್ಯಾನೇಜರ್ ಒಪ್ಪಿದರು. ಈ ಒಂದು ತಲೆ ಬಗ್ಗಿದರೆ ಮಿಕ್ಕವು ತಾವಾಗಿಯೇ ಬಗ್ಗುತ್ತವೆ ಎಂದು ಲೆಕ್ಕ ಹಾಕಿರಬೇಕು.

ಮಾರನೆಯ ದಿನದಿಂದ ಐದೂಕಾಲಿಗೇ ಬಟ್ಟೆ ಬದಲಿಸುವ ಕೋಣೆ ತುಂಬತೊಡಗಿತು. ಒದ್ದೆ ತಲೆಯಲ್ಲಿ ಬಂದವರನ್ನು ತುದಿಯಕ್ಕ ಎಲ್ಲರೆದುರೇ ಬೈದು ಒಣಗಿಸಲು ಕೂರಿಸುತ್ತಿದ್ದಳು. ಎರಡು ಹನಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ತುದಿಗೆ ಮಾತ್ರ ಸವರಬೇಕು. ಸಡಿಲವಾಗಿ ಜಡೆ ಹೆಣೆಯಬೇಕು. ತುದಿಯನ್ನು ರೇಷ್ಮೆಯ ತುಂಡಿನಲ್ಲಿ ಸುತ್ತಿ, ಅಲ್ಲಿಂದಲೇ ಸುರುಳಿ ಶುರು ಮಾಡಿ ನೆತ್ತಿಯ ಕಡೆಗೆ ಸುತ್ತುತ್ತ ಬರಬೇಕು. ಆಗ ತುದಿ ತುರುಬಿನ ಹೊಟ್ಟೆಯೊಳಗೆ ಬೆಚ್ಚಗೆ ಕೂರುತ್ತದೆ, ಎಲಾಸ್ಟಿಕ್ಕಿಗೂ ಅದಕ್ಕೂ ಮುಖ ಪರಿಚಯವೇ ಇರುವುದಿಲ್ಲ. ಕಬ್ಬಿಣದ ಪಿನ್ನು ಕೂದಲನ್ನು ಕಚ್ಚುತ್ತದೆಂದು ಮರದ ಕಡ್ಡಿಗಳನ್ನು ತಂದಿದ್ದಳು. ಇವತ್ತು ನೆತ್ತಿಯ ಮೇಲಿದ್ದ ತುರುಬು ನಾಳೆ ಕತ್ತಿನ ಮೇಲೆ. ಒಂದೇ ಕಡೆ ದಿನಾ ಬಗ್ಗಿಸಿದರೆ ಕೂದಲಿಗೂ ಸೊಂಟ ನೋಯುತ್ತದೆ ಎನ್ನುತ್ತಿದ್ದಳು. ರೇಷ್ಮೆ ಎಲ್ಲಿಂದ ಬಂತೆಂದು ಕೇಳಿದೆ. ಮದುವೆಯಲ್ಲಿ ಅವಳ ತಾಯಿ ಕೊಟ್ಟಿದ್ದ ದಿಂಬಿನ ಗವಸನ್ನು ಹನ್ನೊಂದು ತುಂಡು ಮಾಡಿದ್ದಳು.

ಎರಡು ವಾರ ಕಳೆಯುವಷ್ಟರಲ್ಲಿ ಸಂಜೆ ತಲೆ ಬಿಚ್ಚಿದರೆ ನನ್ನ ಕೂದಲು ಬೆರಳಿನ ನಡುವೆ ಜಾರತೊಡಗಿತು. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ನಾನೂ ಕಿಟಕಿಯ ಪಕ್ಕ ಹೋಗಿ ಕೂತೆ. ಅವಳು ಸರಿದು ಜಾಗ ಮಾಡಿದಳು. ಇಷ್ಟು ವರ್ಷ ಈ ಹೆಂಗಸಿನ ಮೇಲೆ ಸುಮ್ಮನೆ ಹಲ್ಲು ಕಡಿದೆನಲ್ಲ ಎಂದುಕೊಂಡು ಎಣ್ಣೆ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತೆ.

ಇಪ್ಪತ್ತಾರನೆಯ ದಿನ ನಾನು ಬ್ರೆಡ್ ಹೋಳು ಮಾಡುವ ಮೇಜಿನ ಹತ್ತಿರ ನಿಂತಿದ್ದೆ. ತುದಿಯಕ್ಕ ಆಗಷ್ಟೇ ಟ್ರೇ ಇಟ್ಟು ಹೋಗಿದ್ದಳು. ಬಿಳಿ ಮೇಜಿನ ಮೇಲೆ ಒಂದು ಕೂದಲು ಉದ್ದಕ್ಕೆ ಮಲಗಿತ್ತು. ಎತ್ತಿದೆ, ಎತ್ತಿದಷ್ಟೂ ಬಂತು. ಅಷ್ಟುದ್ದದ ಕೂದಲು ಅಲ್ಲಿ ಒಬ್ಬಳಿಗೇ ಇದ್ದದ್ದು. ಸುತ್ತ ನೋಡಿದೆ, ಯಾರ ಗಮನವೂ ಇತ್ತ ಇರಲಿಲ್ಲ. ಸುತ್ತಿ ಮುಷ್ಟಿಯೊಳಗೆ ಇಟ್ಟುಕೊಂಡೆ. ಇನ್ನು ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ನುಂಗಬೇಕಾಗಿ ಬಂದರೆ ನುಂಗಿಯೇ ಬಿಡುತ್ತೇನೆ ಎಂದುಕೊಂಡೆ.

ಕೈ ತೊಳೆಯುವ ಹೊತ್ತಿಗೆ ಅವಳು ನನ್ನ ಮುಷ್ಟಿ ನೋಡಿದಳು. ಏನೂ ಇಲ್ಲ ಎಂದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೂದಲಿನ ಬುಡವನ್ನು ಬೆಳಕಿಗೆ ಹಿಡಿದು, ಬೇರಿನಿಂದಲೇ ಬಂದಿದೆ, ವಯಸ್ಸಾಯಿತಲ್ಲ ಎಂದಳು. ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅದು ಎಣ್ಣೆ ಕುಡಿದು ಮೆತ್ತಗಿತ್ತು.

ಯಾರೂ ನೋಡಿಲ್ಲ ಅಕ್ಕ, ಬಿಟ್ಟುಬಿಡು ಎಂದು ನಾನು ಕೈ ಹಿಡಿದು ಬೇಡಿದೆ. ಅವಳು ಕೈ ಬಿಡಿಸಿಕೊಂಡಳು.

"ಯಾರ ಕಣ್ಣಿಗೂ ಬೀಳದ್ದು ನನ್ನದು ಅಂತ ಅವತ್ತು ಅವರ ಮುಖಕ್ಕೇ ಹೇಳಿದೀನಿ. ಇದೂ ಯಾರ ಕಣ್ಣಿಗೂ ಬಿದ್ದಿಲ್ಲ ಕಣೆ. ಹಾಗಾದ್ರೆ ಇದೂ ನನ್ನದೇ."

ನೇರ ಆಫೀಸಿಗೆ ನಡೆದಳು, ನಾನು ಹಿಂದೆಯೇ ಓಡಿದೆ. ಕೂದಲನ್ನು ಮೇಜಿನ ಮೇಲಿಟ್ಟಳು. ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದರು. ಯಾರೂ ದೂರು ಕೊಟ್ಟಿಲ್ಲವಲ್ಲ ಎಂದು ತಡವರಿಸಿದರು. ಮಾತು ಮಾತೇ ಎಂದು ಅವಳು ಮೇಜಿನ ಮೇಲಿದ್ದ ಪ್ಯಾಕಿಂಗ್ ಕತ್ತರಿಯನ್ನು ನನ್ನ ಕೈಗಿತ್ತು ಬೆನ್ನು ತಿರುಗಿಸಿ ಕೂತಳು. ನಾನು ಅಳುತ್ತ ತುರುಬು ಬಿಚ್ಚಿ ಜಡೆಯನ್ನು ಇಳಿಬಿಟ್ಟೆ. ಅತ್ತರೆ ವಂಕರ ಆಗುತ್ತೆ, ನೆಟ್ಟಗೆ ಕತ್ತರಿಸು ಎಂದು ಗದರಿದಳು. ಅತ್ತುಕೊಂಡೇ ಕತ್ತರಿಸಿದೆ. ಜಡೆ ಕೈಗೆ ಬಂದಾಗ ಇಷ್ಟು ಭಾರವನ್ನು ಇವಳು ಹೊತ್ತಿದ್ದಳೇ ಎನ್ನಿಸಿತು. ಅವಳು ಎದ್ದು ಗೋಡೆಯ ನೋಟಿಸನ್ನು ತಾನೇ ಕಿತ್ತು ಮಡಚಿ ಮ್ಯಾನೇಜರ ಮುಂದಿಟ್ಟಳು. ಅವರು ಬೇಡವೆನ್ನಲಿಲ್ಲ.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತದ್ದು ಅತ್ತೆ. ಭಾವ ಪೇಪರ್ ಇಳಿಸಿ, ಮೊದಲ ಬಾರಿಗೆ ಹೆಂಡತಿಯನ್ನು ನೋಡುವವರ ಹಾಗೆ ನೋಡಿದರು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಬಾಗಿಲಲ್ಲೇ ತಪಾಸಣೆಗೆ ನಿಂತಿದ್ದರು. ತುದಿಯಕ್ಕ ಎಲ್ಲರಿಗಿಂತ ಮುಂದೆ. ಟೋಪಿ ಹಾಕಿದ್ದಳು, ಆದರೆ ಕತ್ತಿನ ಮಟ್ಟದ ಕೂದಲು ಸುಮ್ಮನಿರುತ್ತದೆಯೇ? ಕಿವಿಯ ಪಕ್ಕ, ಹಿಂದೆ, ಹಣೆಯ ಮೇಲೆ, ಎಲ್ಲ ಕಡೆಯಿಂದಲೂ ಎಲಾಸ್ಟಿಕ್ ತಪ್ಪಿಸಿಕೊಂಡು ಹೊರಗೆ ಇಣುಕುತ್ತಿತ್ತು. ಅವಳು ಮತ್ತೆ ಮತ್ತೆ ತುರುಕಿದಳು, ಅದು ಮತ್ತೆ ಮತ್ತೆ ಬಂತು. ಮ್ಯಾನೇಜರ್ ಅದನ್ನು ನೋಡಿ, ಕೂದಲು ಹೊರಗೆ ಬರ್ತಾ ಇದೆ, ಟೋಪಿಯೊಳಗೆ ಇಟ್ಟುಕೊಳ್ಳಿ ಎಂದರು.

"ಉದ್ದ ಇದ್ದಾಗ ಒಳಗೇ ಇತ್ತು, ಸಾರ್," ಎಂದಳು ತುದಿಯಕ್ಕ.

ಮ್ಯಾನೇಜರ್ ಬಾಗಿಲಿನಿಂದ ಸರಿದು ನಿಂತರು. ಅವಳು ಒಳಗೆ ನಡೆದಳು, ಅವಳ ಹಿಂದೆ ನಾವು ಹನ್ನೊಂದು ತುರುಬುಗಳು.