ಮುಳುಗಿದ ಊರಿನ ಇಮೇಲ್ ವಿಳಾಸ

ಕಳೆದ ವಾರ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲೆಂದು ಮುಚ್ಚಳ ತೆಗೆದಾಗ ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಬನಹಟ್ಟಿಯಲ್ಲಿ ನಮ್ಮ ಮನೆಯ ಎದುರಿಗಿದ್ದ ಫೋನ್ ಕಾಕಾನ ಕೋಣೆಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಬೀಳಗಿ ಕಡೆಯ ಹೊಳೆದಂಡೆಯ ಒಂದೇ ಊರಿನವರು, ಅಷ್ಟೆ. ಆಲಮಟ್ಟಿಯ ಹಿನ್ನೀರು ಬಂದಾಗ ಊರು ಒಡೆಯಿತು. ಕೆಲವರು ಪುನರ್ವಸತಿ ಕೇಂದ್ರಕ್ಕೆ, ಕೆಲವರು ಜಮಖಂಡಿಗೆ, ಇನ್ನು ಕೆಲವರು ಸೊಲ್ಲಾಪುರದ ತನಕ ಹೋದರು. ಅಪ್ಪ ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಕೆಲಸ ಹಿಡಿದರು. ಟೆಲಿಫೋನ್ ಕಂಬ ಹತ್ತುವ ನೌಕರಿಯ ಕಾಕಾ ಮೊದಲೇ ಅಲ್ಲಿದ್ದರು. ಮುಂದೆ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿ ಉಳಿದರು. ಮಕ್ಕಳಿರಲಿಲ್ಲ.

ಊರಿನ ಜೊತೆಗೆ ಊರಿನ ಪುಟ್ಟ ಅಂಚೆ ಕಚೇರಿಯೂ ಹೋದದ್ದು ಅವರ ಮನಸ್ಸಿಗೆ ಬಹಳ ಹತ್ತಿತ್ತು. ಊರ ಹೆಸರು ಬರೆದು ಯಾರಾದರೂ ಕಾಗದ ಹಾಕಿದರೆ ಅದು ಎಲ್ಲಿಗೆ ಹೋಗಬೇಕು ಎಂದು ಅಪ್ಪನನ್ನು ಕೇಳುತ್ತಿದ್ದರು. ಬನಹಟ್ಟಿಗೆ ಬ್ರಾಡ್‌ಬ್ಯಾಂಡ್ ಬಂದಮೇಲೆ ಅವರು ಇಂಟರ್ನೆಟ್ಟಿನಲ್ಲಿ ನಮ್ಮೂರಿನ ಹೆಸರನ್ನೇ ಡೊಮೇನ್ ಆಗಿ, ವರ್ಷಕ್ಕಿಷ್ಟೆಂದು ಹಣ ಕಟ್ಟಿ, ತಮ್ಮ ಹೆಸರಿಗೆ ಮಾಡಿಸಿಕೊಂಡರು. ಊರಿನವರೆಲ್ಲರಿಗೂ ಆ ಹೆಸರಿನ ಇಮೇಲ್ ವಿಳಾಸ ಕೊಡುವುದು, ಆ ಮೇಲ್ ಹಂಚುವ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ತಮ್ಮ ಕೋಣೆಯಲ್ಲೇ ನಡೆಸುವುದು ಅವರ ಹಟ.

ಪುಕ್ಕಟೆ ಸಿಗುವ ಇಮೇಲ್ ಇರುವಾಗ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದೆ. ಆಗ ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ.

“ಅದು ಅವರ ಜಾಗಾ ಬೇ,” ಅಂದರು. “ಏಳು ಅಂದ್ರ ಏಳಬೇಕಾಗ್ತೈತಿ. ಒಮ್ಮೆ ಎದ್ದು ಬಂದೇವಿ, ಸಾಕು.”

ಸೆಕೆಂಡ್ ಹ್ಯಾಂಡ್ ಕಂಪ್ಯೂಟರು, ಅದರ ಬಗಲಿನ ತಗಡು ಬಿಚ್ಚಿಟ್ಟಿದ್ದರು. ಕರೆಂಟು ಹೋದಾಗ ನಿಲ್ಲಬಾರದೆಂದು ಮೇಜಿನ ಕೆಳಗೆ ಲಾರಿಯ ಎರಡು ಬ್ಯಾಟರಿ. ಪುಸ್ತಕವೊಂದರ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿ, ಇಂಗ್ಲಿಷ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಕಲಿತರು. ಮೇಲ್ ಹೊರಡುತ್ತಿತ್ತು, ಯಾರಿಗೂ ಮುಟ್ಟುತ್ತಿರಲಿಲ್ಲ. ಗುರುತಿಲ್ಲದ ಯಂತ್ರದಿಂದ ಬಂದ ಮೇಲನ್ನು ದೊಡ್ಡ ಕಂಪನಿಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಮ್ಮ ಇಂಟರ್ನೆಟ್ ಸಂಪರ್ಕದ ನಂಬರು, ಊರಿನ ಹೆಸರು ಎರಡೂ ಒಬ್ಬರದೇ ಎಂದು ದಾಖಲೆ ಮಾಡಿಸಲು ಕಾಕಾ ತಿಂಗಳುಗಟ್ಟಲೆ ಓಡಾಡಿದರು.

ಕೊನೆಗೊಂದು ದಿನ ಸೊಲ್ಲಾಪುರದಲ್ಲಿದ್ದ ಕಾಕಾನ ಅಕ್ಕನ ಮಗನಿಂದ ಉತ್ತರ ಬಂತು: “ಮಾಮಾ, ಮುಟ್ಟಿತು.” ಇಷ್ಟೇ. ಅದನ್ನು ಪ್ರಿಂಟ್ ಮಾಡಿಸಿಕೊಂಡು ಬಂದು, ಓದಲು ಬಾರದ ನಮ್ಮವ್ವನ ಕೈಗೆ ಕೊಟ್ಟು, ಅವಳ ಮುಖವನ್ನೇ ನೋಡುತ್ತ ನಿಂತಿದ್ದರು...

ವರ್ಷದೊಳಗೆ ಮೂವತ್ತಕ್ಕೂ ಹೆಚ್ಚು ಜನ ಆ ವಿಳಾಸ ಪಡೆದರು. ಯಾರ ಮನೆಯಲ್ಲಿ ಹೆರಿಗೆ, ಯಾರು ತೀರಿಕೊಂಡರು ಎಲ್ಲ ಅದರಲ್ಲೇ ತಿಳಿಯುತ್ತಿತ್ತು. ನನಗೂ ಒಂದಿತ್ತು. ನನ್ನ ಹೆಸರಿನ ಮುಂದೆ ನಮ್ಮೂರು.

ಡಿಗ್ರಿ ಮುಗಿದ ಮೇಲೆ ಮುಧೋಳದ ಕಡೆಯ ಒಂದು ಕಾರ್ಖಾನೆಯ ಪ್ರಯೋಗಾಲಯಕ್ಕೆ ಸಂದರ್ಶನ ಕೊಟ್ಟೆ. ಆಯ್ಕೆಯಾಗಿದೆ, ವಾರದೊಳಗೆ ಒಪ್ಪಿಗೆ ಮತ್ತು ಪ್ರಮಾಣಪತ್ರ ಇಮೇಲಿನಲ್ಲಿ ಕಳಿಸಿ ಎಂದರು. ಅಂದೇ ಕಳಿಸಿದೆ. ಹದಿನೈದು ದಿನವಾದರೂ ಸುದ್ದಿಯಿಲ್ಲ. ಬಸ್ಸು ಹತ್ತಿ ಹೋದೆ. ನನ್ನ ಮೇಲ್ ಬಂದಿಲ್ಲವೆಂದು ಬೇರೆಯವರನ್ನು ತೆಗೆದುಕೊಂಡಿದ್ದರು. ನಾನು ಪಟ್ಟು ಹಿಡಿದಾಗ ಗುಮಾಸ್ತರು ಹುಡುಕಿದರು. ಅದು ಬೇಡದ ಮೇಲ್‌ಗಳು ಬೀಳುವ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದಿತ್ತು. ಮನೆಯಲ್ಲಿ ಓದಿ ಗಳಿಸಿದ ಮೊದಲ ಸಂಬಳ ನನ್ನದಾಗಬೇಕಿತ್ತು...

ಬಸ್ ಇಳಿದವಳು ಮನೆಗೂ ಹೋಗದೆ ನೇರ ಕಾಕಾನ ಕೋಣೆಗೆ ಹೋದೆ.

“ನಿಮ್ಮ ಈ ಡಬ್ಬಿ ನಂಬಿ ನಾ ಕೆಟ್ಟೆ ಕಾಕಾ. ಊರು ಮುಳುಗೇತಿ. ನಮ್ಮನ್ನ್ಯಾಕ ಮತ್ತ ಅದರಾಗ ಮುಳುಗಿಸ್ತೀರಿ?”

ಅವರು ಕುರ್ಚಿಯಿಂದ ಎದ್ದು ನಿಂತರು.

“ನಂದ ತಪ್ಪವ್ವಾ,” ಅಂದರು. “ಸರಿ ಮಾಡ್ತೀನಿ.”

ನಾನು ಅವತ್ತೇ ಪುಕ್ಕಟೆ ಇಮೇಲ್ ಮಾಡಿಕೊಂಡೆ. ಸಿಕ್ಕಸಿಕ್ಕ ಊರವರಿಗೆಲ್ಲ ನನ್ನ ಕಥೆ ಹೇಳಿದೆ. ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ಉಳಿದವನು ಸೊಲ್ಲಾಪುರದ ಆ ಅಕ್ಕನ ಮಗನೊಬ್ಬನೇ. ಎದುರು ಮನೆಯಲ್ಲಿದ್ದರೂ ಕಾಕಾನೊಡನೆ ನನ್ನ ಮಾತು ನಿಂತಿತ್ತು. ಮುಂದೆ ಮುಧೋಳದ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ಅವರು ಕಾಕಿಯ ಕೈಯಲ್ಲಿ ಪೇಢೆ ಕಳಿಸಿದರು, ತಾವು ಬರಲಿಲ್ಲ. ಮೂರು ವರ್ಷದ ನಂತರ ಒಂದು ಮಧ್ಯಾಹ್ನ ಎದೆನೋವು ಬಂದು ಹೋಗಿಬಿಟ್ಟರು. ಸರ್ವರ್ ಆಗಲೂ ಓಡುತ್ತಿತ್ತು.

ದಿನಕರ್ಮ ಮುಗಿದ ಮೇಲೆ ಕಾಕಿ ನನಗೊಂದು ನೋಟ್‌ಬುಕ್ ಕೊಟ್ಟಳು. ತನಗೆ ತಿಳಿಯುವುದಿಲ್ಲ, ನೀನಾದರೂ ನೋಡು ಅಂದಳು. ಸರ್ವರಿಗೆ ಏನೇನಾಯಿತೆಂದು ದಿನದಿನವೂ ಬರೆದಿಟ್ಟಿದ್ದರು. ನಾನು ಜಗಳಾಡಿದ ವಾರದ ಪುಟ ತೆಗೆದೆ. ಅದಕ್ಕೂ ಇಪ್ಪತ್ತು ದಿನ ಮೊದಲು ಯಾರೋ ನಮ್ಮಲ್ಲೊಬ್ಬರ ಪಾಸ್‌ವರ್ಡ್ ಊಹಿಸಿ ಒಳಹೊಕ್ಕು, ನಮ್ಮ ಸರ್ವರಿನಿಂದ ಸಾವಿರಾರು ಮೋಸದ ಮೇಲ್ ಕಳಿಸಿದ್ದರು. ಅದರಿಂದಲೇ ನಮ್ಮೂರಿನ ಹೆಸರು ಕಪ್ಪುಪಟ್ಟಿಗೆ ಸೇರಿತ್ತು. ಆ ಪಾಸ್‌ವರ್ಡ್ ನನ್ನದು. ನನ್ನ ಹೆಸರು, ಹುಟ್ಟಿದ ವರ್ಷ. ಮರೆಯಬಾರದೆಂದು ಹಾಗೆ ಇಟ್ಟಿದ್ದೆ. ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಅವರು ಹದಿನೇಳು ಸಲ ಬರೆದುಕೊಂಡಿದ್ದರು.

ಕಾಕಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

“ನನಗ ಆಗಽ ಹೇಳಿದ್ರವ್ವಾ,” ಅಂದಳು. “ನೌಕರಿ ಹೋಗೇತಿ, ಮ್ಯಾಲ ಇದೊಂದು ಆ ಹುಡುಗಿ ತಲಿಮ್ಯಾಗ ಯಾಕ ಅಂದ್ರು.”

ಆ ಹೆಸರಿನ ಅವಧಿ ಮುಗಿಯಿತು. ಹಣ ಕಟ್ಟಿ ಮುಂದುವರಿಸಬೇಕಾದವಳು ನಾನೇ. ಗೊತ್ತಿದ್ದೂ ದಿನ ದೂಡಿದೆ. ಈಗ ಅದು ಯಾರದೋ ದೂರದವರದು, ತೆರೆದರೆ ಏನೇನೋ ಜಾಹೀರಾತು. ಕಾಕಿಯೂ ಇಲ್ಲ. ಮೊನ್ನೆ ಒಂದು ಅರ್ಜಿ ತುಂಬುತ್ತಿದ್ದೆ. ಹುಟ್ಟಿದ ಸ್ಥಳ ಎಂಬಲ್ಲಿ ನಮ್ಮೂರಿನ ಹೆಸರು ಬರೆದೆ. ಕೆಳಗೆ ಇಮೇಲ್ ಎಂಬಲ್ಲಿ ಎಲ್ಲರಿಗೂ ಇರುವಂಥದೇ ಒಂದು ವಿಳಾಸ ಬರೆದು, ಸಹಿ ಮಾಡಿ ಕೊಟ್ಟೆ.